ಬೇವಿನ ಬುಡದಲ್ಲಿ ಹೂತ ಗಂಟು

ಮೊಮ್ಮಗಳು ಗಂಗಾಳ ಕಾಲಿಗೆ ಕುತ್ತು ತಂದದ್ದು ಹಣೆಬರಹವಲ್ಲ, ನಾನು ಹಾಕಿದ ಒಂದು ಹಿಡಿ ಉಪ್ಪು.

ಅವಳ ತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಾಗ ಕೊಟ್ಟೂರಿನಲ್ಲಿ ಕೈಯಿದ್ದವರೆಲ್ಲ ಒತ್ತಿ ನೋಡಿದರು, ಬಾಯಿದ್ದವರೆಲ್ಲ ವಾಯು ಎಂದರು, ಕೊಬ್ಬು ಎಂದರು. ನೀರು ಕೇಳಿದವನ ಜಾತಿಯನ್ನು ಮೂರು ತಲೆಮಾರು ಕೆದಕಿ ತಿಳಿಯುವ ನಮ್ಮ ಓಣಿ, ಹುಡುಗಿಯ ಮೈಯಲ್ಲಿ ಬೆಳೆದದ್ದು ಯಾವ ಜಾತಿಯದೆಂದು ಕೇಳಲಿಲ್ಲ. ಊರ ಡಾಕ್ಟರು ಅದನ್ನು ಕೊಯ್ದು, ಔಷಧಿ ನೀರಿನ ಬಾಟಲಿಯಲ್ಲಿ ಹಾಕಿ, ದಾವಣಗೆರೆಗೆ ಒಯ್ದು ಪರೀಕ್ಷೆ ಮಾಡಿಸಿ ಎಂದು ನನ್ನ ಕೈಗಿತ್ತರು. ನಾನು ಒಯ್ದದ್ದು ಹಿತ್ತಲಿಗೆ. ಸತ್ತವರನ್ನು ಉಪ್ಪು, ವಿಭೂತಿ ಹಾಕಿ ಹೂಳುವ ಮಂದಿ ನಾವು. ಬದುಕಿರುವವಳ ಮಾಂಸ ಪರರ ಕೈಗೆ ಸಿಗಬಾರದೆಂದು ಬೇವಿನ ಬುಡದಲ್ಲಿ ಹಾಗೆಯೇ ಉಪ್ಪು ಹಾಕಿ ಹೂತೆ. ಶಾಸ್ತ್ರ ಸಾಂಗವಾಯಿತು. ವರ್ಷ ತುಂಬುವುದರೊಳಗೆ ಅದೇ ಜಾಗದಲ್ಲಿ ಗಂಟು ಮತ್ತೆ ಎದ್ದಿತು.

ದಾವಣಗೆರೆಯ ದೊಡ್ಡ ಡಾಕ್ಟರು, "ಅಜ್ಜಿ, ಮೊದ್ಲು ತೆಗೆದ ಗಂಟು ಎಲ್ಲೈತಿ?" ಎಂದರು.

"ಬೇವಿನ ಗಿಡದ ಬುಡಕ ಐತ್ರಿ."

ಅವರು ಪೆನ್ನು ಕೆಳಗಿಟ್ಟರು.

ಸೂಜಿಯಿಂದ ಹೊಸ ಚೂರು ತೆಗೆದು ನೋಡಿ ಕ್ಯಾನ್ಸರ್ ಎಂದರು. ಯಾವ ಕ್ಯಾನ್ಸರ್ ಎಂಬುದು ಮಾತ್ರ ಸೂಕ್ಷ್ಮದರ್ಶಕಕ್ಕೂ ಬಗೆಹರಿಯಲಿಲ್ಲವಂತೆ. ಮಾಂಸದಲ್ಲಿ ಹುಟ್ಟುವ ಇಂಥ ಗಂಟುಗಳು ನೋಡಲು ಒಂದರಂತೆ ಒಂದು. ಬೆಂಗಳೂರಿನಲ್ಲಿ ಜೀವಕಣದ ಒಳಗಿನ ವಂಶವಾಹಿ ಎಳೆಗಳನ್ನೇ ನೋಡುತ್ತಾರಂತೆ. ಯಾವ ಎಳೆ ಹರಿದು ಯಾವುದಕ್ಕೆ ತಪ್ಪಾಗಿ ಕೂಡಿಕೊಂಡಿದೆ ಎಂಬುದರಿಂದ ರೋಗದ ಹೆಸರು ತಿಳಿಯುತ್ತದೆ. ಹೆಸರು ಸಿಕ್ಕರೆ ತಕ್ಕ ಔಷಧಿ, ಔಷಧಿ ಹಿಡಿದರೆ ಕಾಲು ಉಳಿದೀತು. ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಇದು ಸಲೀಸಾಗಿ ತಿಳಿಯಿತು. ಈರುಳ್ಳಿ ಬೀಜ ಯಾವ ತಳಿಯದಾದರೂ ಕರಿಯೇ. ಅಂಗಡಿಯವನ ಆಣೆ ನಂಬಿ ಬಿತ್ತಿದವರು ಗಡ್ಡೆ ಕಿತ್ತ ದಿನ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಬೀಜದ ಮುಖ ನೋಡಿ ನಂಬದ ನಾವು ಗಂಟಿನ ಮುಖ ನೋಡಿ ನಂಬಿದೆವು, ನೋಡಿ. ಎಂಥ ಜಾಣರು!

ಸೂಜಿಯಿಂದ ತೆಗೆದ ಚೂರನ್ನು ಡಾಕ್ಟರು ಕೆಡದಂತೆ ಮೇಣದ ಬಿಲ್ಲೆಯಲ್ಲಿ ಕೂರಿಸಿ ಕೊಟ್ಟು, ಬಿಸಿಲಿಗಿಡದೆ ನೀವೇ ಬೆಂಗಳೂರಿಗೆ ಮುಟ್ಟಿಸಿ ಎಂದರು. ಸಂಜೆ ಮನೆಗೆ ಬಂದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ನೀಲಮ್ಮ, ಉಪ್ಪಿನ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಯಕ್ಕಾ, ಹೆಣ್ಮಗಳ ಮಾಂಸ ಊರೂರು ತಿರುಗಬಾರ್ದು. ಹೋದ್ಸಲ ನೀನ ಹೂಳಿದ್ದಿ ಅಲ್ಲ?"

"ಹೂಳಿದ್ನಲ್ಲ. ಇಷ್ಟು ದಿನ ಆತು, ಮಣ್ಣು ರೋಗದ ಹೆಸರು ಹೇಳಿತೇನಲೇ?"

ಒಳಗಿನಿಂದ ಗಂಗಾ ಕೂಗಿದಳು: "ಅಜ್ಜಿ, ಕಾಲು ಹೋದ್ರ ಆ ಗುಂಡಿ ಸಾಲಂಗಿಲ್ಲ, ಇನ್ನೊಂಚೂರು ದೊಡ್ಡದು ತೋಡ್ರಿ!"

ನೀಲಮ್ಮ ಬಟ್ಟಲನ್ನು ಕಟ್ಟೆಯ ಮೇಲೆ ಕುಕ್ಕಿ ಹೋದಳು.

ಮರುದಿನ ಬೆಳಗ್ಗೆ ಆ ಉಪ್ಪನ್ನೇ ಹಾಕಿ ಮೊಸರನ್ನದ ಬುತ್ತಿ ಕಲಸಿದೆ. ಮೇಣದ ಬಿಲ್ಲೆಯನ್ನು ಸೆರಗಿನ ತುದಿಗೆ ಬಿಗಿದು, ಬೆಂಗಳೂರಿನ ಮೊದಲ ಬಸ್ಸಿನಲ್ಲಿ ಬಿಸಿಲು ಬೀಳದ ಮಗ್ಗುಲಿನ ಸೀಟು ಹಿಡಿದು ಕುಳಿತೆ.