ಲಾರಿಯ ಹಾಗೆ ಮಿಂಚಿದ ಕರಿಹಲಗೆ

ಇವತ್ತು ಸಂಜೆ ಒಗ್ಗರಣೆ ಮಂಡಕ್ಕಿ ತಿನ್ನುವಾಗ ಹಲ್ಲಿಗೆ ಮರಳಿನ ಕಣವೊಂದು ಸಿಕ್ಕಿ ಕರ್ ಎಂದಿತು. "ಜರಡಿ ಹಿಡಿಯಾಕೂ ಇವ್ರಿಗೆ ಬ್ಯಾಸರ" ಎಂದು ನಮ್ಮ ಯಜಮಾನರು ಗೊಣಗಿದರು. ನಾನು ನಕ್ಕೆ. ಮಂಡಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುತ್ತಾರೆಂದು ದಾವಣಗೆರೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಮರಳು ನನಗೆ ಮಾಡಿದ ಉಪಕಾರವನ್ನು ನಿಮಗೆ ಹೇಳಲೇಬೇಕು.

ನಾನು ನಿವೃತ್ತಳಾದ ಮೇಲೆ ಹರಿಹರದ ಶಾಲೆಗೆ ಬಂದಿರುವ ಹೊಸ ಟೀಚರ್ ಶ್ವೇತಾ ಬೆಳಿಗ್ಗೆ ಫೋನ್ ಮಾಡಿದ್ದಳು. ಬಣ್ಣ, ಡ್ರಾಯಿಂಗ್ ಹಾಳೆ, ಗೋಂದು ಎಲ್ಲವನ್ನೂ ತನ್ನ ಸಂಬಳದಲ್ಲೇ ತರುತ್ತಿದ್ದಾಳಂತೆ. "ಓಣಿಯವ್ರನ್ನ ಕೇಳು ಅಂತಾರೆ ಮೇಡಂ. ಕೈ ಚಾಚಾಕೆ ಮನಸ್ಸೇ ಬರಲ್ಲ. ನೀವು ಹೆಂಗೆ ಕೇಳ್ತಿದ್ರಿ?" ಸಂಜೆ ಹೇಳುತ್ತೇನೆಂದು ಜಾರಿಕೊಂಡಿದ್ದೆ. ನಾನು ಮೊದಲ ಸಲ ಕೇಳಿದ ಚಂದ ನನಗೇ ಗೊತ್ತಲ್ಲ!

ಆಗ ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಹರಿಹರದ ಶಾಲೆಗೆ ಹೋಗಿಬರುತ್ತಿದ್ದೆ. ನನಗೆ ಕಲಿಸಲು ಕೊಟ್ಟಿದ್ದು ಒಂದನೇ ತರಗತಿ. ಹಲಗೆ ಬೂದಿಬಣ್ಣಕ್ಕೆ ತಿರುಗಿ, ಹಿಂದೆ ಕೂತ ಮಕ್ಕಳಿಗೆ ಅಕ್ಷರವೇ ಕಾಣುತ್ತಿರಲಿಲ್ಲ. ಪಾಪ, ಅವು ಕಣ್ಣು ಕಿರಿದು ಮಾಡಿ ನೋಡಿ, ಸೋತು, ಕಿಟಕಿಯಾಚೆ ಮಂಡಕ್ಕಿ ಭಟ್ಟಿಯ ಹೊಗೆ ನೋಡುತ್ತಾ ಕೂರುತ್ತಿದ್ದವು. ಕಾಣದ ಅಕ್ಷರವನ್ನು ಕಲಿಸುವುದು ಹೇಗೆ? ನನಗೆ ಸಂಕಟವಾಗುತ್ತಿತ್ತು. ಶಾಲೆಯೆದುರಿಗೆ ಲಾರಿಗಳಿಗೆ ಬಣ್ಣ ಹೊಡೆಯುವ ಬಸಣ್ಣನ ಶೆಡ್ಡಿತ್ತು. ಒಂದು ಶನಿವಾರ ಧೈರ್ಯ ಮಾಡಿ ಹೋದವಳು, "ನಮ್ಮ ಬೋರ್ಡು ಒಂಚೂರು ಕಪ್ಪಗಿದ್ದಿದ್ರೆ..." ಎಂದಷ್ಟೇ ಹೇಳಿ, ಉತ್ತರಕ್ಕೂ ಕಾಯದೆ ಬಸ್ಸು ಹತ್ತಿದೆ.

ಸೋಮವಾರ ಬಂದು ನೋಡಿದರೆ ಹಲಗೆ ಹೊಸ ಲಾರಿಯ ಹಾಗೆ ಮಿರಮಿರ ಮಿಂಚುತ್ತಿದೆ! ಸುತ್ತ ಕೆಂಪು ಹಳದಿ ಹೂಬಳ್ಳಿ, ಮೂಲೆಗಳಲ್ಲಿ ಗಿಳಿ. ಅರ್ಧ ಓಣಿ ಬಾಗಿಲಲ್ಲಿ ನಿಂತಿತ್ತು. "ಬರೀರಿ ಮೇಡಂ" ಎಂದ ಬಸಣ್ಣ, ಕೊನೆಯ ಸಾಲಿನಲ್ಲಿ ಕೂತಿದ್ದ ತನ್ನ ಮೊಮ್ಮಗಳ ಕಡೆ ನೋಡಿ ಮೀಸೆ ತಿರುವುತ್ತಾ. ಚಾಕ್‌ಪೀಸ್ ಇಟ್ಟು ಎಳೆದೆ, ಜಾರಿತು. ಒತ್ತಿ ಎಳೆದೆ, ಮುರಿಯಿತು. 'ಅ' ಮೂಡಲೇ ಇಲ್ಲ. ಅವನ ಮುಖ ನೋಡಲಾರದೆ, "ಭಾಳ ಚಂದ ಆಗೈತಿ" ಎಂದೆ.

"ಚಂದ ಇರ್ಲಿ ಬಿಡ್ರಿ, ಬರೆಯಾಕೆ ಬರಲ್ಲಲ್ರೀ! ನುಣುಪು ಬ್ಯಾಡ ಅಂತ ಮೊದ್ಲೇ ಬಾಯಿಬಿಟ್ಟು ಹೇಳಬಾರ್ದಿತ್ತೇನ್ರಿ?"

"ನಾಚಿಕೆ ಆತು ಬಸಣ್ಣ."

"ಹುಡುಗ್ರಿಗೋಸ್ಕರ ಕೇಳಾಕೆ ಎಂಥಾ ನಾಚಿಕೆ!" ಎಂದವಳು ಭಟ್ಟಿಯ ಫಾತಿಮಕ್ಕ. ನುಣುಪು ತೆಗೆಯೋಣವೆಂದರೆ ಬಸಣ್ಣನ ಶೆಡ್ಡಿನಲ್ಲಿ ಉಜ್ಜುವ ಮರಳುಕಾಗದ ಮುಗಿದಿತ್ತು. "ನಮ್ಮ ಮರಳು ಐತಲ್ಲ" ಎಂದು ಅವಳೇ ಬುಟ್ಟಿ ತುಂಬ ತಂದಳು, ಮಂಡಕ್ಕಿ ಹುರಿದು ಹುರಿದು ಸಣ್ಣಗಾದ ಮರಳು. ಒದ್ದೆ ಗೋಣಿಚೀಲದ ತುಂಡನ್ನು ಅದರಲ್ಲಿ ಅದ್ದಿ, ತಾನು ತಂದ ಹೊಳಪನ್ನು ತಾನೇ ಮೊದಲು ಉಜ್ಜಿದವನು ಬಸಣ್ಣ. ಆಮೇಲೆ ಎಲ್ಲರೂ ಕೈ ಹಾಕಿದರು. ನನ್ನ ಸೀರೆಯಂತೂ ಕೆಟ್ಟಿತು. ಹೂಬಳ್ಳಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮಧ್ಯಾಹ್ನ ಮತ್ತೆ 'ಅ' ಬರೆದೆ. ಕೊನೆಯ ಸಾಲಿನಿಂದ ಬಸಣ್ಣನ ಮೊಮ್ಮಗಳು "ಅ!" ಎಂದು ಕಿರುಚಿದಳು. ನನಗೆ ಅಳು ಬಂತು.

ಆಮೇಲೆ ಕೇಳುವುದರಲ್ಲಿ ನಾನು ಎಷ್ಟು ಪಳಗಿದೆನೆಂದರೆ, ನನ್ನನ್ನು ಕಂಡ ಕೂಡಲೇ ಓಣಿಯ ಟೈಲರ್ ಡಸ್ಟರಿಗೆಂದು ಬಟ್ಟೆಚೂರು ಮುಂದಿಡುತ್ತಿದ್ದ.

ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟು ಶ್ವೇತಾಗೆ ಫೋನ್ ಮಾಡಿದೆ.

"ನಾಳೆ ನಾನೂ ಬರ್ತೀನಿ. ಭಟ್ಟಿಯಿಂದಲೇ ಶುರು ಮಾಡೋಣ."

"ಕೊಡ್ತಾರಾ ಮೇಡಂ?"

"ಕೊಡದೇ ಏನು! ಏನು ಬೇಕು ಅಂತ ನೀನು ಬಾಯಿಬಿಟ್ಟು ಸರಿಯಾಗಿ ಹೇಳು. ಇಲ್ಲಾಂದ್ರೆ ಗಿಳಿ ಸಮೇತ ಕೊಟ್ಟುಬಿಡ್ತಾರೆ."