ವಡ್ಡಿನ ಸೊಸೆ ಎಮ್ಮಿಗನೂರಿಗೆ ಬಂದದ್ದು

ಹೊಸಪೇಟೆಯ ಕೈಗಾರಿಕಾ ವಸಾಹತಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎದುರಿಗಿರುವುದು ವೆಂಕಟೇಶ್ ಅವರ ಫ್ಯಾಬ್ರಿಕೇಷನ್ ಶೆಡ್ಡು. ಸಂಡೂರಿನ ಗಣಿಗಳಿಗೂ ವಡ್ಡು ಎಂಬ ಊರಿನ ಸುತ್ತಲಿನ ಉಕ್ಕಿನ ಕಾರ್ಖಾನೆಗಳಿಗೂ ಬೇಕಾದ ಕಬ್ಬಿಣದ ಸಾಮಾನನ್ನು ಕತ್ತರಿಸಿ, ತೂತು ಕೊರೆದು, ಜೋಡಿಸಿ ಕೊಡುತ್ತಾರೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ಪಲ್ಲವಿ ಒಬ್ಬಳೇ. ವಸಾಹತಿನ ಜನ ಅವಳನ್ನು ‘ಡ್ರಾಯಿಂಗ್ ಹುಡುಗಿ’ ಎನ್ನುತ್ತಾರೆ. ಕೇಳಿದರೆ ನನಗೆ ಮೈಯುರಿಯುತ್ತದೆ. ಗೆರೆ ಎಳೆಯುವುದು ಅವಳ ಕೆಲಸದ ಕಾಲುಭಾಗವೂ ಅಲ್ಲ.

ತಯಾರಾಗಬೇಕಾದ ವಸ್ತುವನ್ನು ಅವಳು ಮೊದಲು ಕಂಪ್ಯೂಟರಿನೊಳಗೇ ತುಂಡು ತುಂಡಾಗಿ ಮಾಡಿ, ಬೋಲ್ಟು ಸಮೇತ ಜೋಡಿಸಿ ನಿಲ್ಲಿಸುತ್ತಾಳೆ. ಆಮೇಲೆ ಆ ಜೋಡಣೆಯಿಂದ ಎರಡು ಪಟ್ಟಿ ತೆಗೆಯುತ್ತಾಳೆ. ಒಂದು ಮೆಟೀರಿಯಲ್ ಪಟ್ಟಿ, ಅಂದರೆ ಯಾವ ಕಬ್ಬಿಣ ಎಷ್ಟು ಬೇಕು, ನಟ್ಟು ಬೋಲ್ಟು ಎಷ್ಟು ತರಿಸಬೇಕು ಎಂಬುದು. ಇನ್ನೊಂದು ಕಟಿಂಗ್ ಪಟ್ಟಿ. ತಂದ ಕಬ್ಬಿಣವನ್ನು ಎಷ್ಟೆಷ್ಟು ಉದ್ದಕ್ಕೆ ಕತ್ತರಿಸಬೇಕು, ತೂತು ಎಲ್ಲೆಲ್ಲಿ ಬರಬೇಕು ಎಂದು ಅದರಲ್ಲಿ ಇರುತ್ತದೆ. ಕೈಯಲ್ಲಿ ಎಣಿಸಿ ಬರೆಯುತ್ತಿದ್ದ ಕಾಲದಲ್ಲಿ ಕಬ್ಬಿಣ ಸಾಲದೆ ಕೆಲಸ ನಿಂತು, ವೆಂಕಟೇಶರ ಬೈಗುಳ ರಸ್ತೆ ದಾಟಿ ನನ್ನ ಅಂಗಡಿಗೆ ಕೇಳಿಸುತ್ತಿತ್ತು. ಪಲ್ಲವಿ ಬಂದ ಮೇಲೆ ಅದು ನಿಂತಿತು. ಹೊತ್ತು ಹೋಗದೆ ನನಗೆ ಸ್ವಲ್ಪ ಬೇಸರವೇ ಆಯಿತೆನ್ನಿ.

ಮೊದಮೊದಲು ಅವಳ ಪಟ್ಟಿ ಶೆಡ್ಡಿನಲ್ಲಿ ನಡೆಯಲಿಲ್ಲ. ತುಂಡುಗಳಿಗೆ ಅವಳು ಕೊಡುತ್ತಿದ್ದ ಇಂಗ್ಲಿಷ್ ಅಕ್ಷರ, ನಂಬರುಗಳು ಕತ್ತರಿಸುವವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಮೇಸ್ತ್ರಿ ಗಾದಿಲಿಂಗಪ್ಪನವರ ಪದ್ಧತಿ. ಎದುರುಬದುರು ನಿಂತು ಎಂದೂ ಕೂಡದ ಉದ್ದನೆಯ ತೊಲೆಗಳೆರಡು ಅಣ್ಣ-ತಮ್ಮ. ನಡುವೆ ಬಂದು ಇಬ್ಬರನ್ನೂ ಹಿಡಿದು ನಿಲ್ಲಿಸುವ ಅಡ್ಡ ತುಂಡು ಸೊಸೆ. ಎಲ್ಲರ ಮೇಲೆ ಕೂರುವ ದಪ್ಪ ತಗಡು ಅತ್ತೆ. ಕತ್ತರಿಸಿದ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಅದೇ ಹೆಸರು ಬೀಳುತ್ತಿತ್ತು.

“ಮನಿಮಂದಿ ಹೆಸರು ಯಾರೂ ಮರಿಯಲ್ಲವ್ವ. ನಿನ್ನ ನಂಬರು ಯಾರಿಗೆ ನೆನಪಿರ್ತಾವ?” ಎಂದರು ಗಾದಿಲಿಂಗಪ್ಪ.

ಪಲ್ಲವಿ ನಕ್ಕಳು. ಮರುದಿನದಿಂದ ಕಂಪ್ಯೂಟರಿನೊಳಗೂ ತುಂಡುಗಳಿಗೆ ಅದೇ ಹೆಸರಿಟ್ಟಳು. ‘ಸೊಸೆ’, ‘ಅತ್ತೆ’ ಎಂದು ಅಚ್ಚಾದ ಪಟ್ಟಿಗಳು ನನ್ನ ಯಂತ್ರದಿಂದ ಬರತೊಡಗಿದವು. ಕಾರ್ಖಾನೆಯ ಕಡೆಯಿಂದ ಬಂದ ಎಂಜಿನಿಯರ್ ಒಬ್ಬರು ಇದು ಸಾಮಾನಿನ ಪಟ್ಟಿಯೋ ಮದುವೆಗೆ ಕರೆಯುವವರ ಪಟ್ಟಿಯೋ ಎಂದು ಕೇಳಿದ್ದುಂಟು. ಕೆಲಸ ಮಾತ್ರ ಸುಸೂತ್ರವಾಗಿ ನಡೆಯಿತು.

ಪಲ್ಲವಿ ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನವಳು. ದಿನಾ ಬಸ್ಸಿನಲ್ಲಿ ಓಡಾಟ. ಮನೆಯಲ್ಲಿ ತಾಯಿ ಸುಂಕಮ್ಮ, ತಾಯಿಯ ತಂಗಿ ದುರ್ಗಕ್ಕ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ದುರ್ಗಕ್ಕನ ಕಾಲುಗಳಲ್ಲಿ ಬಲವಿಲ್ಲ. ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಸೈಕಲ್ ಇದೆ. ಹೊಲಿಗೆಯಲ್ಲಿ ಎತ್ತಿದ ಕೈ. ಆದರೆ ಮಹಿಳಾ ಸಂಘದ ಹೊಲಿಗೆ ಕೇಂದ್ರ ಇರುವುದು ಕಾಲುವೆಯಾಚೆ. ದಾಟಲು ಇದ್ದದ್ದು ಹಳೆಯ ಕಾಂಕ್ರೀಟ್ ಹಲಗೆಯೊಂದು. ಅದರ ಮೇಲೆ ಮನುಷ್ಯರು ದಾಟಬಹುದು, ಸೈಕಲ್ ದಾಟುವುದಿಲ್ಲ. ಸುತ್ತಿ ಹೋದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ. ಹಾಗಾಗಿ ಸುಂಕಮ್ಮ ಗದ್ದೆಗೆ ಹೋಗುವ ಮುಂಚೆ ತಂಗಿಯನ್ನು ಬೆನ್ನ ಮೇಲೆ ಹೊತ್ತು ದಾಟಿಸುತ್ತಿದ್ದಳು. ಸುಂಕಮ್ಮನಿಗಾಗದ ದಿನ ನೆರೆಹೊರೆಯವರು ಹೊರುತ್ತಿದ್ದರು. “ಮೂಟಿ ಬಂತು, ದಾರಿ ಬಿಡ್ರಿ” ಎಂದು ದುರ್ಗಕ್ಕನೇ ಕೂಗಿ ಎಲ್ಲರನ್ನೂ ನಗಿಸುತ್ತಿದ್ದಳಂತೆ.

ಒಂದು ದಿನ ಆ ನಗು ನಿಂತಿತು. ಸೊಂಟ ಹಿಡಿದುಕೊಂಡು ಸುಂಕಮ್ಮ ಮೂರು ದಿನ ಏಳಲಿಲ್ಲ. “ಅಕ್ಕನ ನಡ ಮುರಿದು ನಾ ಏನ್ ಹೊಲಿಯೋದೈತಿ? ಹೊಲಿಗಿ ಬಿಟ್ಟು ಮನ್ಯಾಗ ಇರ್ತೀನಿ” ಎಂದಳು ದುರ್ಗಕ್ಕ. ಇದನ್ನು ನನಗೆ ಹೇಳುವಾಗ ಪಲ್ಲವಿ ಪ್ರಿಂಟ್ ಹಾಳೆಯನ್ನು ನೋಡುತ್ತಿದ್ದಳೇ ಹೊರತು ನನ್ನ ಮುಖ ನೋಡಲಿಲ್ಲ.

ಅದೇ ಹೊತ್ತಿಗೆ ಪಂಚಾಯ್ತಿಯಿಂದ ಆ ಕಾಲುವೆಗೆ ಕಬ್ಬಿಣದ ಕಾಲುಸೇತುವೆ ಮಂಜೂರಾಯಿತು. ಕೆಲಸ ವೆಂಕಟೇಶರಿಗೇ ಬಂತು. ಪಲ್ಲವಿ ಮೊದಲು ಮಾಡಿದ್ದು ಟೇಪು ಹಿಡಿದು ದುರ್ಗಕ್ಕನ ಸೈಕಲ್ ಅಳೆದದ್ದು. ಗಾಲಿಯಿಂದ ಗಾಲಿಗೆ ಅಳೆದಳು, ಕೈ ತಿರುಗಿಸುವಾಗ ಮೊಣಕೈ ಎಷ್ಟು ಹೊರಗೆ ಬರುತ್ತದೆ ಎಂಬುದನ್ನೂ ಅಳೆದಳು. ಸೇತುವೆಯ ಅಗಲ ಅಷ್ಟಿರಬೇಕೆಂದು ಗೊತ್ತುಮಾಡಿದಳು. ಪಂಚಾಯ್ತಿಯವರೂ ಒಪ್ಪಿದರು. ಕಾಲುವೆ ಆಗ ಒಣಗಿತ್ತು. ಸೋಮವಾರ ನೀರು ಬಿಡುವುದೆಂದು ನೀರಾವರಿಯವರು ತಿಳಿಸಿದ್ದರು. ಅಷ್ಟರೊಳಗೆ ಕಾಲುವೆಯ ತಳದಲ್ಲಿ ಆಸರೆ ಕೊಟ್ಟು ಸೇತುವೆ ಕೂರಿಸಬೇಕು. ನೀರು ಬಂದರೆ ಮುಗಿಯಿತು, ಮತ್ತೆ ಕಾಲುವೆ ಒಣಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ದುರ್ಗಕ್ಕ ಮನೆಯಲ್ಲೇ.

ಆ ವಾರವೇ ವಡ್ಡಿನ ಕಾರ್ಖಾನೆಯೊಂದರ ಚೂಟಿನ ಕೆಲಸವೂ ಬಂದಿತ್ತು. ಚೂಟು ಅಂದರೆ ಅದಿರು ಜಾರಿ ಬೀಳುವ ಕಬ್ಬಿಣದ ದೋಣಿ. ಅದಿರು ಉಜ್ಜಿ ಉಜ್ಜಿ ಸವೆಯುವುದರಿಂದ ಕೆಲವು ತಿಂಗಳಿಗೊಮ್ಮೆ ಹೊಸದು ಬೇಕೇ ಬೇಕು. ಅದರಲ್ಲೂ ಅಣ್ಣ-ತಮ್ಮ ಇದ್ದಾರೆ, ಸೊಸೆಯೂ ಇದ್ದಾಳೆ. ಎರಡು ಕೆಲಸಕ್ಕೂ ಒಂದೇ ನಮೂನೆಯ ಕಬ್ಬಿಣ, ಅಣ್ಣ-ತಮ್ಮಂದಿರ ಉದ್ದವೂ ಒಂದೇ. ವಡ್ಡಿನ ಸೊಸೆ ಮಾತ್ರ ಒಂದು ಗೇಣು ಗಿಡ್ಡ.

ಪಲ್ಲವಿಯ ಪ್ರೋಗ್ರಾಮಿಗೆ ಒಂದು ಗುಣವಿದೆ. ಒಂದೇ ಹೆಸರಿನ ಎರಡು ತುಂಡು ಇದ್ದರೆ, ಆಗಲೇ ತೆರೆದಿರುವುದನ್ನೇ ಎತ್ತಿಕೊಳ್ಳುತ್ತದೆ. ಬುಧವಾರ ಸಂಜೆ ಪರದೆಯ ಮೇಲೆ ಚೂಟು ತೆರೆದಿತ್ತು. ಅದನ್ನು ಮುಚ್ಚದೆ ಸೇತುವೆ ತೆರೆದು, ಬಿಟ್ಟುಹೋಗಿದ್ದ ನಾಲ್ಕಾರು ಬೋಲ್ಟು ಸೇರಿಸಿ, ಕಟಿಂಗ್ ಪಟ್ಟಿ ಮತ್ತೆ ತೆಗೆದಳು. ಕಂಪ್ಯೂಟರು ಎಮ್ಮಿಗನೂರಿನ ಸೊಸೆಯನ್ನು ಬಿಟ್ಟು ವಡ್ಡಿನ ಸೊಸೆಯನ್ನು ತಂದು ಕೂರಿಸಿತು. ಪರದೆಯ ಅಂಚಿನಲ್ಲಿ ಕೆಂಪು ಗುರುತು ಬಂದದ್ದನ್ನು ಅವಳು ನೋಡಿದಳು. ಬೋಲ್ಟು ಸೇರಿಸಿದ್ದಕ್ಕೆ ಇರಬೇಕು, ನಾಳೆ ಸರಿಮಾಡಿದರಾಯಿತು ಎಂದುಕೊಂಡಳು. ಕಂಪ್ಲಿ ಬಸ್ಸಿನ ಹೊತ್ತಾಗಿತ್ತು. ನನ್ನಲ್ಲಿ ಪ್ರಿಂಟ್ ತೆಗೆಸಿ ಗಾದಿಲಿಂಗಪ್ಪನವರ ಕೈಗೆ ಕೊಟ್ಟು ಓಡಿದಳು.

ಗಾದಿಲಿಂಗಪ್ಪ ಪಟ್ಟಿಯಲ್ಲಿದ್ದಂತೆ ಕತ್ತರಿಸಿ, ತೂತು ಕೊರೆದರು. ಅವಳ ಪಟ್ಟಿಯನ್ನು ನಕ್ಷೆಯ ಜೊತೆ ತಾಳೆ ನೋಡುವುದನ್ನು ಅವರು ಬಿಟ್ಟು ವರ್ಷಗಳೇ ಆಗಿದ್ದವು.

ಗುರುವಾರ ಅಂಗಳದಲ್ಲಿ ಸೇತುವೆಯನ್ನು ಒಮ್ಮೆ ಜೋಡಿಸಿ ನೋಡಿದರು. ಅಣ್ಣ-ತಮ್ಮಂದಿರ ನಡುವೆ ಸೊಸೆಯರನ್ನು ನಿಲ್ಲಿಸಿ ಮೇಲೆ ಅತ್ತೆಯನ್ನು ಹಾಸಿದರೆ ಅತ್ತೆ ಎರಡೂ ಕಡೆ ಹೊರಗೆ ಚಾಚಿಕೊಂಡಳು. ಬಹಳ ದಿನದ ಮೇಲೆ ವೆಂಕಟೇಶರ ಬೈಗುಳ ರಸ್ತೆ ದಾಟಿತು. ನಾನು ಅಂಗಡಿ ಬಿಟ್ಟು ಓಡಿದೆ.

ಪಲ್ಲವಿ ಪರದೆ ನೋಡಿದಳು, ಹೊರಗೆ ಬಂದಳು, ಎಲ್ಲರ ಮುಂದೆ ಹೇಳಿದಳು: “ತಪ್ಪು ನಂದ್ರೀ ಸರ. ವಡ್ಡಿನ ಸೊಸಿ ಇದರಾಗ ಬಂದಾಳ. ಕೆಂಪು ಗುರುತು ಕಂಡ್ರೂ ನೋಡದ ಹೋದೆ.”

ಇಂಥ ಹೊತ್ತಿನಲ್ಲಿ ಕಂಪ್ಯೂಟರ್ ಕೆಟ್ಟಿತ್ತು ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನನ್ನ ಯಂತ್ರದ ಮೇಲೆ ಗೂಬೆ ಕೂರಿಸಿದವರೂ ಇದ್ದಾರೆ. ಆ ಮಾತು ಕೇಳಿ ಅವಳ ಮೇಲೆ ನನಗಿದ್ದ ಗೌರವ ಹೆಚ್ಚಿತು.

ವೆಂಕಟೇಶ್ ಕೆಟ್ಟವರಲ್ಲ, ಅವಸರದವರು. “ಆಗಿದ್ದಾತು. ತಗಡಿನ ಅಂಚು ಕತ್ತರಿಸ್ರಿ. ಒಂದು ಗೇಣು ಸಣ್ಣದಾದ್ರ ಸೇತುವಿ ಏನ್ ಬೀಳಾಂಗಿಲ್ಲ. ಮಂದಿ ನಡಿಯಾಕ ಬೇಕಾದಷ್ಟಾತು” ಎಂದರು.

“ಮಂದಿ ನಡೀತಾರ್ರೀ. ದುರ್ಗಕ್ಕನ ಸೈಕಲ್ ಹೋಗಲ್ಲ.”

“ಇಷ್ಟು ದಿನ ಹೆಂಗ ದಾಟ್ತಿದ್ರು?”

“ನಮ್ಮವ್ವನ ಬೆನ್ನ ಮ್ಯಾಲೆ” ಎಂದಳು ಪಲ್ಲವಿ. ವೆಂಕಟೇಶ್ ಕತ್ತರಿಸಿಟ್ಟ ತುಂಡುಗಳ ಕಡೆ ನೋಡಿದರು.

ಹೊಸ ಕಬ್ಬಿಣ ತಂದರೆ ಕತ್ತರಿಸಿಟ್ಟಿದ್ದೆಲ್ಲ ಗುಜರಿಗೆ ಹೋಗುತ್ತದೆ ಎಂಬುದು ಅವರ ಸಂಕಟ. ಪಲ್ಲವಿ ಒಳಗೆ ಹೋಗಿ ಚೂಟಿನ ಪಟ್ಟಿ ತಂದಳು. ಅಂಗಳದ ತುಂಡುಗಳ ಮೇಲೆ ಟೇಪು ಇಟ್ಟು ಉದ್ದ, ತೂತು, ತೂತಿನ ಅಂತರ ಒಂದೊಂದಾಗಿ ಓದಿ ತೋರಿಸಿದಳು. ಕೂದಲೆಳೆ ಫರಕು ಇರಲಿಲ್ಲ. ತಪ್ಪಿ ಬಂದರೂ ಅದು ಅಪ್ಪಟ ವಡ್ಡಿನ ಸೊಸೆಯೇ.

“ಇವು ಯಾವೂ ಹಾಳಾಗಲ್ರೀ ಸರ. ಈ ಚೂಟಿಗೊಂದಿಷ್ಟು, ಮುಂದಿನ ಚೂಟಿಗೆ ಉಳಿದವು. ಹೆಂಗೂ ಅವರು ಕೇಳೇ ಕೇಳ್ತಾರ.”

ಗಾದಿಲಿಂಗಪ್ಪ ನಕ್ಕುಬಿಟ್ಟರು. “ಸೊಸಿ ದಾರಿ ತಪ್ಪಿ ಬ್ಯಾರೆಯವರ ಮನಿಗೆ ಬಂದಾಳ. ಕುಂಕುಮ ಕೊಟ್ಟು ವಡ್ಡಿಗೆ ಕಳಿಸೋಣ ಬಿಡ್ರಿ ಸರ.”

ವೆಂಕಟೇಶರಿಗೂ ನಗು ತಡೆಯಲಾಗಲಿಲ್ಲ. ಬೈಯುತ್ತಲೇ ಫೋನೆತ್ತಿ ಹೊಸ ಕಬ್ಬಿಣ ಕಳಿಸಲು ಹೇಳಿದರು.

ಅಂದಿನಿಂದ ಪಲ್ಲವಿ ಒಂದು ಕೆಲಸದ ಹೆಸರನ್ನು ಇನ್ನೊಂದಕ್ಕೆ ಇಡುವುದಿಲ್ಲ. ಸೇತುವೆಯ ಅಡ್ಡ ತುಂಡಿಗೆ ಬೇರೆ ಹೆಸರು ಕೊಟ್ಟು ಪಟ್ಟಿ ತೆಗೆದಳು. ನನ್ನ ಯಂತ್ರದಿಂದ ಹೊರಬಂದ ಹಾಳೆ ನೋಡಿ ನಾನು ಅವಳ ಮುಖ ನೋಡಿದೆ. “ಪ್ರಿಂಟ್ ಕೊಡ್ರಿ, ಜಲ್ದಿ” ಎಂದಳು, ಅಷ್ಟೇ. ಶುಕ್ರವಾರ ಕತ್ತರಿಸಿದರು. ಶನಿವಾರ ಮತ್ತೆ ಜೋಡಿಸಿ, ಬಿಚ್ಚಿ, ಲಾರಿಗೆ ಏರಿಸಿದರು. ಸೀಮೆಸುಣ್ಣ ಅಳಿಸಿಹೋದೀತು ಎಂದು ಗಾದಿಲಿಂಗಪ್ಪ ಈ ಸಲ ಹೆಸರನ್ನು ಬಿಳಿ ಪೇಂಟಿನಲ್ಲಿ ಬರೆದಿದ್ದರು. ಭಾನುವಾರ ಸೂರ್ಯ ಮುಳುಗುವ ಮುಂಚೆ ಸೇತುವೆ ಕಾಲುವೆಯ ಮೇಲೆ ಕೂತಿತ್ತು.

ಸೋಮವಾರ ನಾನೂ ಎಮ್ಮಿಗನೂರಿಗೆ ಹೋದೆ. ಅಂಗಡಿಗೆ ಬೀಗ ಹಾಕಿ ಹೋದದ್ದಕ್ಕೆ ಯಾರ್ಯಾರೋ ಬೈದರು, ಬೈಯಲಿ. ಕಾಲುವೆಯ ತಳದಲ್ಲಿ ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಬರುತ್ತಿತ್ತು. ದುರ್ಗಕ್ಕ ಸೇತುವೆಯ ಮೇಲೆ ಸೈಕಲ್ ಹತ್ತಿಸಿದಳು. ಎರಡೂ ಕಡೆ ಕಂಬಿಗೆ ಮೊಣಕೈ ತಾಗಲಿಲ್ಲ. ಹಿಂದೆ ನಡೆಯುತ್ತಿದ್ದ ಸುಂಕಮ್ಮ ಬರಿಗೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಸೊಂಟದ ಮೇಲೆ, ಒಮ್ಮೆ ಕಂಬಿಯ ಮೇಲೆ ಇಡುತ್ತಿದ್ದಳು.

ಏರಿಯ ಮೇಲಿಂದ ಇಣುಕಿದ ಹೆಂಗಸೊಬ್ಬಳು ಕೂಗಿದಳು: “ದುರ್ಗಕ್ಕಾ, ಸೇತುವಿ ತೆಳಗ ಅಡ್ಡಪಟ್ಟಿಗೆಲ್ಲಾ ನಿನ್ನ ಹೆಸರು ಬರದಾರ!”

ದುರ್ಗಕ್ಕ ನಡುಸೇತುವೆಯಲ್ಲಿ ಸೈಕಲ್ ನಿಲ್ಲಿಸಿ ಪಲ್ಲವಿಯನ್ನು ನೋಡಿದಳು. “ಹೌದೇನಲೇ?”

ಪಲ್ಲವಿ ತಲೆಯಾಡಿಸಿದಳು. “ನಿನ್ನ ಅಳತೀಗೆ ಮಾಡಿದ್ದು. ನಿನ್ನ ಹೆಸರೇ ಇಟ್ಟೆ.”

“ಅಂದ್ರ ದಿನಾ ಎಲ್ಲಾರೂ ನನ್ನ ಮ್ಯಾಲೆ ಹಾದು ಹೋಗೋರು?” ದುರ್ಗಕ್ಕ ಕತ್ತು ಹೊರಳಿಸಿ, ಹಿಂದೆ ನಿಂತಿದ್ದವರಿಗೆಲ್ಲ ಕೇಳುವಂತೆ ಎಂದಳು: “ಹೋಗ್ರಿ. ಇಷ್ಟು ವರ್ಷ ಊರೆಲ್ಲಾ ನನ್ನ ಹೊತ್ತೈತಿ. ಇನ್ನ ನಾ ಹೊರ್ತೀನಿ, ಬರ್ರಿ.”

ಹುಲ್ಲಿನ ಹೊರೆ ಹೊತ್ತ ಹೆಂಗಸರು ಒಬ್ಬೊಬ್ಬರಾಗಿ ಸೇತುವೆ ಹತ್ತಿದರು.