ಟೊಪ್ಪಿಗೆ ಮರೆತು ಹೋದ ಹವಾಲ್ದಾರರು

ಎರಡು ವರ್ಷಗಳ ಹಿಂದಿನ ಮಾತು. ಗಣಪತಿಯನ್ನು ಕಳಿಸಿ ಇನ್ನೂ ನಾಲ್ಕು ದಿನ ಆಗಿರಲಿಲ್ಲ. ಹಬ್ಬಕ್ಕೆಂದು ಇಡಿಸಿಕೊಂಡ ಹಸಿರು ಗಾಜಿನ ಬಳೆಗಳು ನನ್ನ ಎರಡೂ ಕೈಯಲ್ಲಿದ್ದವು. ಬಳೆಯ ಮಾತನ್ನು ಮೊದಲೇ ಏಕೆ ಎತ್ತಿದೆನೆಂದರೆ, ಈ ಕತೆಯಲ್ಲಿ ಅವುಗಳ ಪಾಲೂ ಇದೆ.

ನಾನು ಗದಗಿನಲ್ಲಿ ಕಿವಿ ಪರೀಕ್ಷೆ ಮಾಡುವವಳು. ಆಡಿಯಾಲಜಿಸ್ಟ್ ಎಂದರೆ ನಮ್ಮ ಬೆಟಗೇರಿ ಓಣಿಯಲ್ಲಿ ಯಾರ ನಾಲಿಗೆಯೂ ಹೊರಳುವುದಿಲ್ಲ, ಎಲ್ಲರಿಗೂ ನಾನು ‘ಕಿವಿ ಅಕ್ಕಾರು’. ಔಷಧ ಕೊಡುವವಳಲ್ಲ. ಕಿವಿ ಎಷ್ಟು ಕೇಳುತ್ತದೆ ಎಂದು ಅಳೆದು, ಬೇಕಾದವರಿಗೆ ಕಿವಿ ಮಷಿನ್ ಹೊಂದಿಸಿ ಕೊಡುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವವರಲ್ಲಿ ಮಾಜಿ ಸೈನಿಕರು ಬಹಳ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಿಂದ ಹರೆಯದಲ್ಲಿ ಪಲ್ಟಣ ಸೇರಿ, ಬಂದೂಕು ಫಿರಂಗಿಗಳ ಸದ್ದಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು. ಕಿವಿ ಮಂದವಾಗಿದೆ ಎಂದು ಇವರ ಬಾಯಿಂದ ಹೊರಡಿಸುವುದು ಮಾತ್ರ ಕಲ್ಲಿನಿಂದ ನಾರು ತೆಗೆದ ಹಾಗೆ. “ನನಗ ಚಲೋ ಕೇಳಸ್ತೈತ್ರಿ. ನಮ್ಮನಿ ಮಂದೀನ ಈಗೀಗ ಸಣ್ಣ ದನೀಲೆ ಮಾತಾಡಾಕ ಹತ್ಯಾರ” ಎನ್ನುವವರೇ ಹೆಚ್ಚು. ನನಗೆ ಇವರ ಮೇಲೆ ಅಕ್ಕರೆ, ಗೌರವ. ಇವರ ಮುಂದೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಯಾರೂ ನನ್ನ ಮುಂದೆ ಆಟ ಹೂಡಲಾರರು ಎಂದುಕೊಂಡಿದ್ದೆ.

ಅವತ್ತು ಬಂದವರು ಹವಾಲ್ದಾರ್ ಫಕ್ಕೀರಪ್ಪ. ಶಿರಹಟ್ಟಿಯ ಆಚೆಯ ಒಂದು ಹಳ್ಳಿಯವರು. ಐವತ್ತೈದರ ಆಸುಪಾಸಿನ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ತಿರುವಿದ ಮೀಸೆ, ತಲೆಯ ಮೇಲೆ ಪಲ್ಟಣದ ಕಡುನೀಲಿ ಟೊಪ್ಪಿಗೆ. ಇಪ್ಪತ್ತನಾಲ್ಕು ವರ್ಷ ಫಿರಂಗಿ ಪಡೆಯಲ್ಲಿದ್ದವರು. ಊರ ಹೊರಗಿನ ಹತ್ತಿ ಮಿಲ್ಲೊಂದರಲ್ಲಿ ಗೇಟು ಕಾಯುವ ಕೆಲಸ ಸಿಗುವುದಿತ್ತು, ಕಿವಿ ಸರಿ ಇದೆ ಎಂಬ ಸರ್ಟಿಫಿಕೇಟ್ ಬೇಕಿತ್ತು. “ಹೊಟ್ಟಿಗೇನ್ ಕಡಿಮಿ ಇಲ್ರಿ ಮೇಡಂ. ಮೈಮ್ಯಾಲೆ ಖಾಕಿ ಇಲ್ಲಂದ್ರ ಮುಂಜಾನೆದ್ದು ಏನ್ ಮಾಡಬೇಕನ್ನೋದ ತಿಳಿವಲ್ತು” ಎಂದರು. ಮಾತಾಡುವಾಗ ನನ್ನ ಮುಖದಿಂದ ಕಣ್ಣು ಕದಲಿಸಲಿಲ್ಲ. ಎಂಥ ಶಿಸ್ತು ಎಂದು ನಾನು ಮೆಚ್ಚಿಕೊಂಡೆ.

ನಮ್ಮ ಪರೀಕ್ಷೆ ಹೀಗಿರುತ್ತದೆ. ಸದ್ದು ಒಳಬರದ ಪುಟ್ಟ ಕೋಣೆಯಲ್ಲಿ ಪರೀಕ್ಷೆಗೆ ಬಂದವರನ್ನು ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತೇವೆ. ಗಾಜಿನ ಕಿಟಕಿಯ ಈಚೆ ಕುಳಿತು ನಾನು ಮಷಿನ್ ಒತ್ತಿದಂತೆ ಅವರ ಕಿವಿಯಲ್ಲಿ ಸೀಟಿಯಂಥ ಸದ್ದು ಬರುತ್ತದೆ. ಕೇಳಿಸಿದ ಕೂಡಲೇ ಅವರು ಕೈಯಲ್ಲಿರುವ ಬಟನ್ ಒತ್ತಬೇಕು. ನನ್ನ ಕೈ ಕಾಣಬಾರದೆಂದು ಅವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿರುತ್ತೇವೆ.

ಫಕ್ಕೀರಪ್ಪನವರು ಕುರ್ಚಿ ನೋಡಿ ನಕ್ಕರು. “ಏನ್ರಿ ಮೇಡಂ, ಗೋಡಿಗೆ ಮುಖ ಮಾಡಿ ಕುಂಡ್ರಬೇಕನು? ಸಾಲ್ಯಾಗ ಮಾಸ್ತರ ಶಿಕ್ಷಾ ಕೊಟ್ಟಂಗಾತಲ್ರಿ. ಗಡಿ ಕಾಯ್ದಾವ ನಾನು, ಬೆನ್ನು ತೋರಿಸಿ ಕುಂತ ರೂಢಿ ಇಲ್ಲ.”

ನಮ್ಮ ಆಯಾ ಶಾಂತವ್ವ ಕಿಸಕ್ಕನೆ ನಕ್ಕಳು. ನನಗೂ ನಗು ಬಂತು. ದೇಶ ಕಾಯ್ದ ಹಿರಿಯರನ್ನು ಗೋಡೆಗೆ ಮುಖ ಮಾಡಿ ಕೂರಿಸುವುದೇ ಎಂದು ನಾನೇ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದೆ.

ಪರೀಕ್ಷೆ ಹೂವೆತ್ತಿದ ಹಾಗೆ ನಡೆಯಿತು. ಒತ್ತಿದ ಕೂಡಲೇ ಉತ್ತರ. ತೀರ ಸಣ್ಣ ಸದ್ದುಗಳಲ್ಲಿ ಅಲ್ಲೊಂದು ಇಲ್ಲೊಂದು ತಪ್ಪಿತು ಅಷ್ಟೇ. ಫಿರಂಗಿಯ ಪಕ್ಕದಲ್ಲಿ ನಿಂತವರ ಕಿವಿ ಹೀಗಿರುವುದು ಅಪರೂಪ. ಅಪರೂಪ ಕಂಡಾಗ ಅನುಮಾನ ಪಡಬೇಕು, ನಾನು ಆಶ್ಚರ್ಯಪಟ್ಟು ಸುಮ್ಮನಾದೆ. ಇಂಥ ಪರೀಕ್ಷೆಯ ನಂತರ ಇನ್ನೊಂದು ಸಣ್ಣ ಪರೀಕ್ಷೆ ಮಾಡುತ್ತೇವೆ. ಬಾಯಿಗೆ ಕಾಗದ ಅಡ್ಡ ಹಿಡಿದು ಹತ್ತು ಶಬ್ದ ಹೇಳುವುದು, ಅವರು ತಿರುಗಿ ಹೇಳುವುದು. ಮನೆಯವರನ್ನು ಕರೆದು ನಾಲ್ಕು ಮಾತು ಕೇಳುವುದೂ ಪದ್ಧತಿ. ಹೊರಗೆ ಬಾಕಿನ ಮೇಲೆ ಜನ ತುಂಬಿದ್ದರು. ಫಕ್ಕೀರಪ್ಪನವರ ಹೆಂಡತಿ ನೀಲವ್ವನವರೂ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕುಳಿತಿದ್ದರು. ಎರಡನ್ನೂ ಬಿಟ್ಟೆ. ಕೆಲಸಕ್ಕೆ ಸಾಕಷ್ಟು ಕೇಳುತ್ತದೆ ಎಂದು ಬರೆದು, ಸಹಿ ಹಾಕಿ, ಠಸ್ಸೆ ಒತ್ತಿ ಕೊಟ್ಟೆ. ಅವರು ಎದ್ದು ನಿಂತು ನನಗೆ ಸೆಲ್ಯೂಟ್ ಹೊಡೆದು ಹೊರಟರು.

ಹೆಡ್‌ಫೋನ್ ಹಾಕುವಾಗ ತೆಗೆದಿಟ್ಟ ಟೊಪ್ಪಿಗೆ ಮೇಜಿನ ಮೇಲೆಯೇ ಉಳಿದಿತ್ತು.

ಶಾಂತವ್ವ ಅದನ್ನು ಹಿಡಿದು ಬಾಗಿಲಿನಲ್ಲಿ ನಿಂತು ಕೂಗಿದಳು, “ಕಾಕಾರ, ನಿಮ್ಮ ಟೊಪಗಿ!” ನೀಲವ್ವನವರು ಬುತ್ತಿಗಂಟು ಹಿಡಿದು ಆಗಲೇ ಮುಂದೆ ರಸ್ತೆಗೆ ಇಳಿದಿದ್ದರು, ಫಕ್ಕೀರಪ್ಪನವರು ಹಿಂದೆ ನಡೆಯುತ್ತಲೇ ಇದ್ದರು. ಮತ್ತೆ ಕೂಗಿದಳು. ಶಾಂತವ್ವನ ದನಿ ಸಾಮಾನ್ಯದ್ದಲ್ಲ, ಬಾಕಿನ ಮೇಲೆ ಕಿವಿ ಕೇಳುವುದಿಲ್ಲ ಎಂದು ಬಂದು ಕುಳಿತವರು ಕೂಡ ತಿರುಗಿ ನೋಡಿದರು. ಅವರೊಬ್ಬರೇ ತಿರುಗಲಿಲ್ಲ. ಕೊನೆಗೆ ಅವಳು ಓಡಿಹೋಗಿ ಭುಜ ಮುಟ್ಟಿದಾಗ ಬೆಚ್ಚಿಬಿದ್ದು ಹೊರಳಿದರು.

ನಾನು ಇದನ್ನು ಕುರ್ಚಿಯಲ್ಲಿ ಕುಳಿತು ನೋಡಿದೆ. ಇವರಿಗೆ ಕೇಳಿಸಲಿಲ್ಲವೇ ಎಂದು ಅನುಮಾನ ಬಂತು. ಕೆಲಸ ಸಿಕ್ಕ ಸಂಭ್ರಮದಲ್ಲಿ ಲಕ್ಷ್ಯ ಇರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಖರೆ ಹೇಳಬೇಕೆಂದರೆ, ಆಗಲೇ ಸಹಿ ಮಾಡಿ ಕೊಟ್ಟ ಕಾಗದವನ್ನು ಅಷ್ಟು ಜನರೆದುರು ವಾಪಸು ಕೇಳಲು ನಾಚಿಕೆಯಾಯಿತು. ಮುಂದಿನವರನ್ನು ಕರೆದೆ.

ಆಮೇಲೆ ನಾಲ್ಕೈದು ತಿಂಗಳು ನನಗೆ ಅವರ ನೆನಪೇ ಇರಲಿಲ್ಲ. ಸಂಕ್ರಾಂತಿ ಕಳೆದು ಕೆಲವು ವಾರವಾಗಿತ್ತು. ಒಂದು ಬೆಳಗ್ಗೆ ಬಾಗಿಲು ತೆರೆಯುವಾಗಲೇ ಗಂಡಹೆಂಡತಿ ಹೊರಗೆ ನಿಂತಿದ್ದರು. ಮೀಸೆ ಹಾಗೆಯೇ ಇತ್ತು, ಇಸ್ತ್ರಿ ಅಂಗಿಯೂ ಇತ್ತು. ಎರಡೂ ಕಂಕುಳಲ್ಲಿ ಊರುಗೋಲು. ಎಡಗಾಲಿಗೆ ಮೊಣಕಾಲಿನವರೆಗೆ ಬ್ಯಾಂಡೇಜು, ಪಾದ ಇರಬೇಕಾದಷ್ಟು ಉದ್ದವಿರಲಿಲ್ಲ.

ಮಿಲ್ಲಿನ ಅಂಗಳದಲ್ಲಿ ಹತ್ತಿ ತುಂಬಿದ ಲಾರಿ ಹಿಂದಕ್ಕೆ ಬರುತ್ತಿತ್ತಂತೆ. ಇವರು ಅದಕ್ಕೆ ಬೆನ್ನು ಮಾಡಿ ಇನ್ನೊಂದು ಲಾರಿಯ ನಂಬರು ಬರೆದುಕೊಳ್ಳುತ್ತಿದ್ದರು. ಲಾರಿ ಪೀಂ ಪೀಂ ಎಂದು ಕೂಗಿಕೊಂಡೇ ಬಂದಿದೆ. ಕ್ಲೀನರ್ ಚೀರಿದ್ದಾನೆ. ಇವರಿಗೆ ಯಾವುದೂ ಕೇಳಿಲ್ಲ. ಗಾಲಿ ಪಾದದ ಮೇಲೆ ಹತ್ತಿದ ಮೇಲೆಯೇ ಗೊತ್ತಾಗಿದ್ದು. ಪಾದದ ಮುಂಭಾಗವನ್ನು ಡಾಕ್ಟರು ತೆಗೆಯಬೇಕಾಯಿತು. “ಡ್ರೈವರಂದು ಏನೂ ತಪ್ಪಿಲ್ಲಂತ ನಾನ ಹೇಳಿ ಬರಸೇನ್ರಿ” ಎಂದರು ಫಕ್ಕೀರಪ್ಪ.

ಆ ಕಾಗದದ ಮೇಲೆ ನನ್ನ ಸಹಿ ಇತ್ತು. ಜಗಳಕ್ಕೆ ಬಂದಿದ್ದಾರೆ, ಬೈಯಲಿ, ಬೈದರೆ ಹಗುರಾಗುತ್ತೇನೆ ಎಂದುಕೊಂಡೆ. ಅವರು ಬೈಯಲಿಲ್ಲ.

“ಮೇಡಂ, ನಿಮ್ಮ ಕಣ್ಣಾಗ ಮಣ್ಣು ಒಗದಾವ ನಾನು. ನೀವು ಮಷಿನ್ ಒತ್ತಿದಾಗೊಮ್ಮೆ ನಿಮ್ಮ ಕೈಯಾನ ಬಳಿ ಮುಂದಕ್ಕ ಜಾರತಿದ್ವು. ಬಳಿ ಅಳ್ಳಾಡಿದ್ದು ನೋಡಿ ನಾ ಬಟನ್ ಒತ್ತಿದೆ. ಎಲ್ಲಾ ಬರೋಬ್ಬರಿ ಹೇಳಿದ್ರ ಸಂಶೆ ಬರ್ತೈತಂತ ನಡುನಡುಕ ಒಂದೆರಡು ಬಿಟ್ಟೆ.”

“ಇದನ್ನ ಎಲ್ಲಿ ಕಲಿತ್ರಿ?” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಅವರು ತುಟಿ ನೋಡಿ ತಿಳಿದುಕೊಂಡರು.

“ಪಲ್ಟಣದಾಗ್ರಿ. ಕಿವಿ ಹೋಗೇತಂತ ಬರದ್ರ ಫಿರಂಗಿ ಬಿಡಿಸಿ ಸಾಮಾನು ಎಣಸಾಕ ಕುಂಡ್ರಸ್ತಾರಂತ ಅಂಜಿಕಿ ಇತ್ತು. ಪರೀಕ್ಷೆ ಮಾಡಾವರ ಭುಜ ನೋಡೋದು, ಗಡಿಯಾರ ನೋಡಿ ಹೊತ್ತು ಎಣಸೋದು, ಏನ್ ಸಿಗ್ತೈತಿ ಅದು. ಈಗ ನಿಮಗ ಹೇಳಿ ಹೋಗಾಕಂತ ಬಂದೇನಿ. ನನ್ನಂಥಾವರು ಇನ್ನೂ ಬರ್ತಾರ. ಕುರ್ಚಿ ಗೋಡಿ ಕಡೆನ ಇರಲಿ. ಯಾರ ಏನ್ ಅಂದ್ರೂ ತಿರಗಸಬ್ಯಾಡ್ರಿ.”

ಆಗ ನೀಲವ್ವನವರು ಬಾಯಿ ತೆಗೆದರು. “ಅಕ್ಕಾರ, ಇವರು ಸುಳ್ಳು ಹೇಳಿದ್ದು ಖರೆ. ನಾ ಹೊರಗ ಬಾಕಿನ ಮ್ಯಾಲೆ ಕುಂತಿದ್ನಲ್ರಿ. ಒಂದ ಮಾತು ನನ್ನ ಕೇಳಬಾರದಿತ್ತೇನ್ರಿ? ಹತ್ತು ವರ್ಷ ಆತು, ನಮ್ಮನ್ಯಾಗ ಇವರನ್ನ ಹಿಂದಿಂದ ಯಾರೂ ಕರಿಯಂಗಿಲ್ಲ. ಮುಂದ ಹೋಗಿ ನಿಂತು ಮಾತಾಡಸ್ತೇವಿ.”

“ತಪ್ಪಾತ್ರಿ” ಎಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ಆಕೀ ಮಾತಿಗೆ ಲಕ್ಷ್ಯ ಕೊಡಬ್ಯಾಡ್ರಿ” ಎಂದರು ಫಕ್ಕೀರಪ್ಪ. “ಈಗ ಒಮ್ಮೆ ಖರೆ ಪರೀಕ್ಷೆ ಮಾಡ್ರಿ. ಎಷ್ಟು ಹೋಗೇತಿ, ಎಷ್ಟು ಉಳದೈತಿ, ನನಗೂ ಗೊತ್ತಾಗಲಿ.”

ಬಳೆ ಬಿಚ್ಚಿ ಮೇಜಿನ ಮೇಲಿಟ್ಟೆ. ಕುರ್ಚಿ ಗೋಡೆಯ ಕಡೆ ತಿರುಗಿಸಿದೆ. ಈ ಸಲ ಅವರು ತಕರಾರು ಮಾಡದೆ ಕುಳಿತರು. ಗಾಯದ ಕಾಲನ್ನು ಮಡಚಲಾಗದೆ ಪಕ್ಕಕ್ಕೆ ಹೊರಳಿಸಿ ಹೊರಗೆ ಚಾಚಿದ್ದರಿಂದ ಬಾಗಿಲು ಪೂರ್ತಿ ಹಾಕಲಾಗಲಿಲ್ಲ. ನೀಲವ್ವ ನನ್ನ ಪಕ್ಕದಲ್ಲೇ ಕುಳಿತರು.

ಮೊದಲು ದಪ್ಪ ಸದ್ದುಗಳು. ಸ್ವಲ್ಪ ಜೋರು ಮಾಡಿದ ಮೇಲೆ ಬಟನ್ ಒತ್ತಿದರು. ನಂತರ ಸೀಟಿಯಂಥ ತೆಳು ಸದ್ದುಗಳಿಗೆ ಬಂದೆ. ಒತ್ತಿದೆ. ಉತ್ತರವಿಲ್ಲ. ಏರಿಸಿದೆ. ಇಲ್ಲ. ಇನ್ನೂ ಏರಿಸಿದೆ. ಬೆನ್ನು ನೆಟ್ಟಗೆ, ಪರೇಡಿನಲ್ಲಿ ನಿಂತವರ ಹಾಗೆ, ಬೆರಳು ಬಟನ್ ಮೇಲೆ ತಯಾರಾಗಿ, ಕಾಯುತ್ತ ಕುಳಿತಿದ್ದರು. ಕೊನೆಗೆ ಸದ್ದು ಎಷ್ಟು ಜೋರಾಯಿತೆಂದರೆ ಹೆಡ್‌ಫೋನಿನಿಂದ ಸೋರಿ, ತೆರೆದ ಬಾಗಿಲಿನಿಂದ ನಮ್ಮವರೆಗೂ ಬಂತು.

ನೀಲವ್ವ ನನ್ನ ಮುಖ ನೋಡಿದರು. “ಇದು ನನಗ ಕೇಳಾಕ ಹತ್ತೇತಲ್ರಿ ಅಕ್ಕಾರ” ಎಂದರು, ಪಿಸುಮಾತಿನಲ್ಲಿ.

ಆಗ ಗೋಡೆಯ ಕಡೆ ಮುಖ ಮಾಡಿಕೊಂಡೇ ಫಕ್ಕೀರಪ್ಪ ಕೇಳಿದರು, “ಯಾಕ್ ನಿಲ್ಲಿಸಿದ್ರಿ ಮೇಡಂ? ನಾ ತಯಾರ್ ಅದೇನಿ. ಶುರು ಮಾಡ್ರಿ.”

ನಾನು ನಿಲ್ಲಿಸಿರಲೇ ಇಲ್ಲ, ನನ್ನ ಬೆರಳು ಇನ್ನೂ ಮಷಿನ್ ಒತ್ತಿಕೊಂಡೇ ಇತ್ತು. ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತೆ. ಬೆನ್ನು ತಿರುಗಿಸಿ ಕುಳಿತವರಿಗೆ ಅದು ಗೊತ್ತಾಗಲಿಲ್ಲ.

ಆ ಕುರ್ಚಿಯನ್ನು ಮರುದಿನವೇ ನೆಲಕ್ಕೆ ಬೋಲ್ಟು ಹಾಕಿಸಿ ಗೋಡೆಯ ಕಡೆ ಕೂರಿಸಿಬಿಟ್ಟೆ. ಅದನ್ನು ಕಂಡು ಗೊಣಗುವ ಹಿರಿಯರು ಈಗಲೂ ಇದ್ದಾರೆ, ನಾನು ನಗುತ್ತೇನೆ, ತಿರುಗಿಸುವುದಿಲ್ಲ. ಮನೆಯವರನ್ನು ಕೇಳದೆ ಒಂದು ಸಹಿಯನ್ನೂ ಹಾಕುವುದಿಲ್ಲ. ಇನ್ನೊಂದು ರೂಢಿಯೂ ಅಂಟಿಕೊಂಡಿದೆ. ಯಾರೇ ನನ್ನ ಕೋಣೆಯಿಂದ ಹೊರಟರೂ, ಬಾಗಿಲು ದಾಟಿದ ಮೇಲೆ ಹಿಂದಿನಿಂದ ಒಮ್ಮೆ ಹೆಸರು ಹಿಡಿದು ಕರೆಯುತ್ತೇನೆ. ತಿರುಗದಿದ್ದರೆ ಮತ್ತೆ ಕೂರಿಸುತ್ತೇನೆ.

ಫಕ್ಕೀರಪ್ಪನವರಿಗೆ ಎರಡೂ ಕಿವಿಗೆ ಮಷಿನ್ ಹೊಂದಿಸಿ ಕೊಟ್ಟಿದ್ದೇನೆ. ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಸರಿ ಮಾಡಿಸಿಕೊಳ್ಳಲು ಕೋಲೂರಿಕೊಂಡು ಬರುತ್ತಾರೆ. ಖಾಕಿ ಮತ್ತೆ ಮೈಮೇಲೆ ಬರಲಿಲ್ಲ. ಬಾಕಿನ ಮೇಲೆ ಕುಳಿತ ಬೇರೆ ಮಾಜಿ ಸೈನಿಕರಿಗೆ ತಮ್ಮ ಕತೆಯನ್ನು ತಾವೇ ಹೇಳುತ್ತಾರೆ: “ಈ ಅಕ್ಕಾರ ಭಾಳ ಹುಷಾರ್ ಅದಾರ. ಆದ್ರೂ ನಾ ಮೋಸ ಮಾಡಿದೆ. ನನ್ನ ಕಾಲು ನಾನ ಕಳಕೊಂಡೆ. ಅವರದೇನ್ ತಪ್ಪು?” ಒಳಗೆ ಕುಳಿತು ನಾನು ಕೇಳಿಸಿಕೊಳ್ಳುತ್ತೇನೆ. ಬಳೆಯ ಮಾತು ಅವರಿಗೆ ಗೊತ್ತು. ಟೊಪ್ಪಿಗೆಯ ಮಾತು ಗೊತ್ತಿಲ್ಲ. ಶಾಂತವ್ವ ಕೂಗಿದ್ದು, ಅವರು ತಿರುಗದಿದ್ದುದು, ನಾನು ಅದನ್ನು ಕಣ್ಣಾರೆ ಕಂಡೂ ಮುಂದಿನವರನ್ನು ಕರೆದದ್ದು, ಇದನ್ನು ನಾನು ಯಾರಿಗೂ ಹೇಳಿಲ್ಲ. ಇವತ್ತು ಇಲ್ಲಿ ಬರೆಯುತ್ತಿರುವುದೇ ಮೊದಲು.

ಕಳೆದ ಸಲ ಬಂದು ಹೊರಟಾಗಲೂ ರೂಢಿಯಂತೆ ಹಿಂದಿನಿಂದ ಕರೆದೆ, “ಹವಾಲ್ದಾರ್ರ!”

ಅವರು ಕೋಲು ಊರಿ ನಿಧಾನಕ್ಕೆ ತಿರುಗಿದರು. ಮುಖ ಅರಳಿತ್ತು. “ಏನ್ರಿ ಮೇಡಂ?”

ಮಾತು ತುದಿನಾಲಿಗೆಗೆ ಬಂದಿತ್ತು.

“ಏನಿಲ್ರಿ” ಎಂದೆ. “ಹುಷಾರಿಲೆ ಹೋಗಿ ಬರ್ರಿ.”